ಪರದೆಯ ಆಚೆ ಮಲಗಿದ್ದ ಗಂಡ

ನಾದಿನಿಯ ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ನಾವು ದಿಲ್ಲಿಗೆ ಹೊರಟಿದ್ದೆವು. ನಾವು ಅಂದರೆ ನಾನು, ನನ್ನ ಗಂಡ, ಇನ್ನೂ ಐದು ತುಂಬದ ಮಗಳು, ಗೋಡೆ ಹಿಡಿದು ನಡೆಯಲು ಕಲಿಯುತ್ತಿದ್ದ ಮಗ. ನಾನು ಕಲಬುರಗಿಯ ಒಂದು ಡಿಗ್ರಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಗಂಡ ನಂದೂರಿನಲ್ಲಿ ದಾಲ್ ಮಿಲ್ ನಡೆಸುತ್ತಾರೆ. ಬೇಳೆ ವ್ಯಾಪಾರಕ್ಕೆಂದು ಅವರು ದಿಲ್ಲಿ, ಮುಂಬೈ, ಇಂದೂರು ಅಂತ ಆಗಾಗ ವಿಮಾನ ಹತ್ತುವವರು. ನಾನು ಇಬ್ಬರೂ ಮಕ್ಕಳನ್ನು ಕಟ್ಟಿಕೊಂಡು ವಿಮಾನ ಹತ್ತುತ್ತಿದ್ದದ್ದು ಅದೇ ಮೊದಲು.

ಹೊರಡುವ ಮುನ್ನಾದಿನ ಕಮಲಾಪುರದಿಂದ ಅತ್ತೆ ಒಂದು ಚೀಲ ಕಳಿಸಿದ್ದರು. ಅದರಲ್ಲಿ ತೊಟ್ಟಿಲ ಕೂಸಿಗೆ ಕುಂಚಿಗೆ, ಶೇಂಗಾ ಹೋಳಿಗೆ, ತಮ್ಮ ತೋಟದ ಕೆಂಪು ಬಾಳೆಹಣ್ಣು. ಅದರ ಜೊತೆಗೆ ಫೋನಿನಲ್ಲಿ ಒಂದು ಮಾತು: "ಮಗಗ ದಣಿವು ಆಗದಂಗ ನೋಡ್ಕೋ. ಸುಗ್ಗಿ ಮಾಲು ಬಂದಾಗಿಂದ ಮಿಲ್ಲಿನ್ಯಾಗ ಒಂದ ಸವನ ನಿಂತಾನ." ನಾನು ಆ ವಾರ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ಮುಗಿಸಿ, ಜ್ವರ ಬಂದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ನಾಲ್ಕು ಮಂದಿಯ ಅರಿವೆ ಜೋಡಿಸಿಕೊಂಡವಳು. ನನಗೆ ದಣಿವಾಗುತ್ತದೆಯೋ ಇಲ್ಲವೋ ಎಂಬ ಮಾತು ಅವರ ಬಾಯಿಗೆ ಬರಲಿಲ್ಲ. ಬರುತ್ತದೆ ಅಂತ ನಾನೂ ಕಾಯಲಿಲ್ಲ.

ಹೈದರಾಬಾದಿನ ವಿಮಾನ ನಿಲ್ದಾಣ ಮುಟ್ಟುವ ಹೊತ್ತಿಗೆ ಮಗಳಿಗೆ ಕಾರಿನಲ್ಲಿ ವಾಂತಿಯಾಗಿ ಫ್ರಾಕೆಲ್ಲ ಹಾಳಾಗಿತ್ತು. ಗಂಡನನ್ನು ಕೌಂಟರಿನ ಸಾಲಿನಲ್ಲಿ ನಿಲ್ಲಿಸಿ, ಮಗನನ್ನು ಸೊಂಟಕ್ಕೇರಿಸಿಕೊಂಡು, ಮಗಳನ್ನು ಬಾತ್‌ರೂಮಿಗೆ ಕರೆದೊಯ್ದು ತೊಳೆಸಿ ಬೇರೆ ಫ್ರಾಕ್ ಹಾಕಿದೆ. ವಾಪಸ್ ಬಂದರೆ ಅವರ ಮುಖ ದೀಪಾವಳಿ ಆಗಿತ್ತು.

"ಗಮ್ಮತ್ತ ಆತ ನೋಡು," ಅಂದರು. "ಮ್ಯಾಲಿಂದ ಮ್ಯಾಲ ಅಡ್ಡಾಡ್ತೀನಲ್ಲ, ಅದಕ್ಕ ಮುಂದಿನ ಸೀಟ್ ಪುಕ್ಕಟ ಕೊಟ್ಟಾರ. ಬಿಸಿನೆಸ್ ಕ್ಲಾಸ್!"

"ನಮಗೆಲ್ಲರಿಗೇನ್ರಿ?"

"ಇಲ್ಲ, ಒಂದs ಅದ."

ನನಗೆ ಖುಷಿಯೇ ಆಯಿತು. ಮುಂದಿನ ಆ ಅಗಲ ಸೀಟುಗಳನ್ನು ನಾನು ನೋಡಿದ್ದೆ, ಅವುಗಳ ನಡುವೆ ನಡೆದು ಹಿಂದಕ್ಕೆ ಹೋಗುವಾಗ. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡರೂ ಮೊಣಕೈ ಯಾರಿಗೂ ತಾಗುವುದಿಲ್ಲ. ಹಾಗಾಗಿ ನಾನು ಬಲು ಸಹಜವಾಗಿ ಅಂದೆ, "ಹಂಗಾದ್ರ ಕೂಸಿನ್ನ ತೊಗೊಂಡು ನಾ ಮುಂದ ಕೂಡ್ತೀನಿ. ನೀವು ಇಕಿ ಜೋಡಿ ಹಿಂದ ಕೂಡ್ರಿ."

"ಬರಂಗಿಲ್ಲ. ನನ್ನ ಹೆಸರಿಲೆ ಅದ ಅದು. ಬದಲಿ ಮಾಡಿ ಕೊಡಂಗಿಲ್ಲಂತ. ನಾ ಕೇಳ್ದೆ."

"ಹಂಗಾರ ಬ್ಯಾಡ ಅಂತ ಹೇಳ್ರಿ. ಎಲ್ಲಾರೂ ಒಂದ ಕಡೆ ಕೂಡೂಣು."

"ಪುಕ್ಕಟ ಬಂದದ್ದು ಯಾರರ ಬ್ಯಾಡಂತಾರೇನು?" ಅಂತ ನಕ್ಕರು. "ಎರಡ ತಾಸಿನ ಮಾತು. ಮುಂದ ಕುಂತ್ರೂ ಹಿಂದ ಕುಂತ್ರೂ ವಿಮಾನ ಒಂದs ಅಲ್ಲ? ನಾ ನಡುನಡುವ ಬಂದು ನೋಡ್ತೀನಿ."

ಜಗಳಕ್ಕೆ ಅದು ಜಾಗವಲ್ಲ ಅಂತ ಸುಮ್ಮನಾದೆ. ಜಗಳಕ್ಕೆ ಜಾಗವಲ್ಲದ ಜಾಗಗಳು ಹೆಂಡಂದಿರಿಗೆ ಎಷ್ಟೊಂದಿರುತ್ತವೆ! ಅತ್ತೆಯ ಮನೆ ಅಲ್ಲ, ಬೀಗರ ಎದುರು ಅಲ್ಲ, ಬೀದಿಯಲ್ಲಿ ಅಲ್ಲ, ಮಕ್ಕಳ ಮುಂದೆ ಅಲ್ಲ. ಇನ್ನು ಮೇಲೆ ಆ ಪಟ್ಟಿಗೆ ವಿಮಾನ ನಿಲ್ದಾಣವೂ ಸೇರಿತು ಅಂದುಕೊಂಡೆ.

ವಿಮಾನ ಹತ್ತುವಾಗ ನನ್ನ ಒಂದು ಕೈಯಲ್ಲಿ ಮಗ, ಇನ್ನೊಂದು ಕೈಯಲ್ಲಿ ಮಗಳ ಕೈ. ಮಗುವಿನ ಬ್ಯಾಗು ಗಂಡನ ಹೆಗಲಿಗಿತ್ತು. ಬಾಗಿಲು ದಾಟಿದ ಕೂಡಲೇ ಅವರು ತಮ್ಮ ಸೀಟಿನ ಹತ್ತಿರ ನಿಂತು, ಹೆಗಲಿಗಿದ್ದದ್ದನ್ನೆಲ್ಲ ಮೇಲಿನ ಖಾನೆಗೆ ಹಾಕಿ, "ನಡಿ ನಡಿ, ಹಿಂದ ಮಂದಿ ನಿಂತಾರ," ಅಂದರು. ಬೆನ್ನ ಹಿಂದೆ ಸೂಟ್‌ಕೇಸುಗಳು ನೂಕುತ್ತಿದ್ದವು. ನಾನು ನಡೆದೆ. ರೆಕ್ಕೆಯನ್ನೂ ದಾಟಿ ನಮ್ಮ ಸಾಲು. ಮಗಳನ್ನು ಕಿಟಕಿಗೆ ಕೂರಿಸಿ ನಾನು ನಡುವಿನ ಸೀಟಿನಲ್ಲಿ ಕೂತೆ. ಅವರು ಬಿಟ್ಟುಕೊಟ್ಟ ಅಂಚಿನ ಸೀಟಿಗೆ ದಿಲ್ಲಿಯ ಒಬ್ಬ ಹಿರಿಯ ಹೆಂಗಸು ಬಂದರು. ಬಿಳಿ ಕೂದಲು, ಕೈಯಲ್ಲಿ ಹೆಣಿಕೆಯ ಚೀಲ. ಅವರು ಮಗನ ಗಲ್ಲ ಹಿಂಡಿ, "ಬೇಟಿ, ಅಕೇಲಿ ಹೋ?" ಅಂತ ಕೇಳಿದರು. ಒಬ್ಬಳೇ ಇದ್ದೀಯಾ ಅಂತ.

"ಇಲ್ಲ, ನಮ್ಮ ಮನೆಯವರು ಮುಂದೆ ಕೂತಿದ್ದಾರೆ," ಅಂದೆ ಹಿಂದಿಯಲ್ಲಿ.

"ಮುಂದೆ ಅಂದರೆ?"

ಮುಂದಿನ ಅಗಲ ಸೀಟುಗಳಿಗೆ ಅಡ್ಡ ಎಳೆದಿದ್ದ ಪರದೆಯ ಕಡೆ ಕೈ ತೋರಿಸಿದೆ. ಆಕೆ ಪರದೆಯನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೇನೂ ಕೇಳಲಿಲ್ಲ. ನನ್ನ ಮುಖ ಬಿಸಿಯಾಯಿತು. ಬಿಸಿಯಾಗಬೇಕಾದದ್ದು ನನ್ನ ಮುಖವೇನು ಅಂತ ಈಗ ಕೇಳಿಕೊಳ್ಳುತ್ತೇನೆ.

ವಿಮಾನ ಏರತೊಡಗಿತು. ಮಗನಿಗೆ ಕಿವಿ ನೋಯತೊಡಗಿತು. ಮಗು ಅತ್ತರೆ ಎಷ್ಟು ಅಳಬಹುದು ಅಂತ ನನಗೆ ಗೊತ್ತಿದೆ ಅಂದುಕೊಂಡಿದ್ದೆ. ಗೊತ್ತಿರಲಿಲ್ಲ. ಅವನು ಬೆನ್ನು ಬಿಲ್ಲು ಮಾಡಿ, ಮುಖ ನೀಲಿಗಟ್ಟುವಂತೆ, ಉಸಿರು ಹಿಡಿದು ಹಿಡಿದು ಕಿರುಚಿದ. ಆಗ ಬಾಯಿಗೆ ಬಾಟಲಿ ಕೊಟ್ಟರೆ, ನುಂಗುತ್ತಾ ನುಂಗುತ್ತಾ ಕಿವಿ ಸಡಿಲಾಗುತ್ತದೆ ಅಂತ ಡಾಕ್ಟರು ಹೇಳಿದ್ದರು. ಅದಕ್ಕೇ ಫ್ಲಾಸ್ಕಿನಲ್ಲಿ ಹಾಲು ತುಂಬಿಕೊಂಡು ಬಂದಿದ್ದೆ. ಫ್ಲಾಸ್ಕು ಎಲ್ಲಿ? ಬ್ಯಾಗಿನಲ್ಲಿ. ಬ್ಯಾಗು ಎಲ್ಲಿ? ಪರದೆಯ ಆಚೆ, ಗಂಡನ ತಲೆಯ ಮೇಲೆ.

ಬೆಲ್ಟು ಬಿಚ್ಚಬಹುದು ಅಂತ ದೀಪ ಆರುವವರೆಗೆ ಕಾದೆ. ಮುಂದಿನ ಸಾಲಿನವರು ತಿರುಗಿ ತಿರುಗಿ ನೋಡಿದರು. ಹಿಂದೆ ಯಾರೋ "ಅರೇ ಯಾರ್" ಅಂದರು. ಅಂಚಿನ ಸೀಟಿನ ಹಿರಿಯರು ತಮ್ಮ ಬಳೆ ಬಿಚ್ಚಿ ಅವನ ಕೈಗೆ ಕೊಟ್ಟರು, ಅವನು ಅದನ್ನು ಎಸೆದ. ಪರದೆಯ ಕಡೆಗೆ ನಾನು ಎಷ್ಟು ಸಲ ನೋಡಿದೆನೋ. ಆ ಅಳು ಅಲ್ಲಿಗೆ ಕೇಳಿಸದೆ ಇರಲು ಸಾಧ್ಯವೇ ಇರಲಿಲ್ಲ. ನಡುನಡುವೆ ಬಂದು ನೋಡುತ್ತೇನೆ ಅಂದವರು ಬರಲಿಲ್ಲ.

ದೀಪ ಆರಿದ ಮೇಲೆ ಗಗನಸಖಿಯನ್ನು ಕರೆದು, ಮುಂದೆ ಕೂತಿರುವ ನನ್ನ ಗಂಡನಿಂದ ಮಗುವಿನ ಬ್ಯಾಗು ತಂದುಕೊಡಿ ಅಂತ ಕೇಳಿಕೊಂಡೆ. ಸಣ್ಣ ವಯಸ್ಸಿನ ಹುಡುಗಿ, ನಗುತ್ತಲೇ ಹೋದಳು. ನಗುತ್ತಲೇ ಬರಿಗೈಯಲ್ಲಿ ಬಂದಳು.

"ಸರ್ ಮಲಗಿದ್ದಾರೆ ಮೇಡಂ. ಆ ಕ್ಯಾಬಿನ್ನಿನಲ್ಲಿ ಮಲಗಿದವರನ್ನು ನಾವು ಎಬ್ಬಿಸುವುದಿಲ್ಲ."

"ಎಬ್ಬಿಸಬೇಡಿ. ಬ್ಯಾಗು ತೆಗೆದುಕೊಂಡು ಬನ್ನಿ."

"ಅವರು ಹೇಳದೆ ಅವರ ಸಾಮಾನು ಮುಟ್ಟುವ ಹಾಗಿಲ್ಲ ಮೇಡಂ."

ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೆ ಕಲಿಸಿದ್ದನ್ನು ಅವಳು ಹೇಳಿದಳು. ಆದರೆ ಆ ನಿಯಮ ಮಾಡಿದವರ ತಲೆಯನ್ನೊಮ್ಮೆ ನೋಡಬೇಕು. ದೊಡ್ಡ ಸೀಟಿನಲ್ಲಿ ಕೂತ ಗಂಡಸಿನ ನಿದ್ದೆ ಒಡೆಯಬಾರದು, ಸಣ್ಣ ಸೀಟಿನಲ್ಲಿ ಕೂತ ಅವನ ಮಗು ಕಿವಿನೋವಿನಿಂದ ಎದೆ ಒಡೆದುಕೊಳ್ಳಬಹುದು. ಒಂದೇ ಮನೆ, ಒಂದೇ ರಕ್ತ, ಒಂದು ತುಂಡು ಬಟ್ಟೆ ಅಡ್ಡ ಎಳೆದರೆ ಆಚೆಯವನು ಬೇರೆ ಜಾತಿಯ ಮನುಷ್ಯನಾಗುತ್ತಾನೆ.

ಅಷ್ಟರಲ್ಲಿ ಮಗ ಅಳುವುದನ್ನು ನಿಲ್ಲಿಸಿ ತಿಣುಕತೊಡಗಿದ. ಮಕ್ಕಳನ್ನು ಬೆಳೆಸಿದವರಿಗೆ ಆ ಸುಮ್ಮನಿರುವಿಕೆಯ ಅರ್ಥ ಗೊತ್ತು. ವಾಸನೆ ಬಂತು. ಡೈಪರುಗಳೂ ಅದೇ ಬ್ಯಾಗಿನಲ್ಲಿದ್ದವು.

ನಾನು ಎದ್ದೆ. ಹಿರಿಯರು ತಾವಾಗಿಯೇ ಎದ್ದು ದಾರಿ ಬಿಟ್ಟರು. "ಹೋಗು," ಅಂದರು, ಅಷ್ಟೇ. ಮಗಳು ನನ್ನ ಚೂಡಿದಾರದ ತುದಿ ಹಿಡಿದು ಬಂದಳು. ಪರದೆಯ ಹತ್ತಿರ ಬಂದಾಗ ಅದನ್ನು ಹೇಗೆ ಸರಿಸುವುದು ಅಂತ ನಾನು ಒಂದು ಗಳಿಗೆ ಅಳುಕಿದೆ. ಮಗಳು ಅಳುಕಲಿಲ್ಲ. ಅದರ ಕೆಳಗೆ ನುಸುಳಿ, "ಪಪ್ಪಾ!" ಅಂತ ಓಡಿದಳು.

ಆ ಕಡೆ ಬೇರೆಯದೇ ಊರು. ಮಂದ ಬೆಳಕು. ಅರ್ಧ ಸೀಟು ಖಾಲಿ. ನನ್ನ ಗಂಡ ಸೀಟನ್ನು ಹಿಂದಕ್ಕೆ ಚಾಚಿ, ಗದ್ದದವರೆಗೆ ಕಂಬಳಿ ಎಳೆದುಕೊಂಡು, ಕಣ್ಣು ಮುಚ್ಚಿ ಮಲಗಿದ್ದರು. ಪಕ್ಕದ ಹಲಗೆಯ ಮೇಲೆ ಕಿತ್ತಳೆ ರಸದ ಗ್ಲಾಸು. ಅದರಲ್ಲಿನ ಐಸಿನ ತುಂಡುಗಳು ಇನ್ನೂ ಮೂಲೆ ಕರಗದೆ ಇದ್ದವು.

ಮದುವೆಯಾದಾಗಿನಿಂದ ನಾನು ಈ ಮನುಷ್ಯನ ನಿದ್ದೆ ನೋಡಿದ್ದೇನೆ. ಅವರು ಮಲಗಿದರೆ ಬಾಯಿ ತೆರೆಯುತ್ತದೆ. ಗೊರಕೆಗೆ ಕಮಲಾಪುರದ ಮನೆಯ ಅಂಗಳದಲ್ಲಿ ಕಟ್ಟಿದ ಎಮ್ಮೆ ಕಿವಿ ಆಡಿಸುತ್ತದೆ. ಇಲ್ಲಿ ತುಟಿಗಳು ಬಿಗಿಯಾಗಿ ಮುಚ್ಚಿದ್ದವು. ಉಸಿರು ಒಳ್ಳೆ ಶಿಸ್ತಿನಲ್ಲಿ ಬರುತ್ತಿತ್ತು. ನಾನು ಕೂಗಲಿಲ್ಲ, ನಿಂತು ನೋಡಿದೆ. ಮಗಳು ಅವರ ಮುಖದ ಹತ್ತಿರ ಮುಖ ಒಯ್ದು ನೋಡಿ, ಆ ಸದ್ದಿಲ್ಲದ ಜಾಗದಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು:

"ಮಮ್ಮಿ, ಪಪ್ಪಾ ಮಲಗಿಲ್ಲ. ಕಣ್ಣ ಅಳ್ಳಾಡಾಕತ್ತಾವ."

ರೆಪ್ಪೆಗಳು ಇನ್ನಷ್ಟು ಗಟ್ಟಿಯಾಗಿ ಮುಚ್ಚಿದವು.

ಖರೆ ಹೇಳುತ್ತೇನೆ, ನಾನು ಬಂದದ್ದು ಬ್ಯಾಗಿಗಾಗಿ ಮಾತ್ರ. ಖಾನೆ ತೆರೆದು ಬ್ಯಾಗು ಎಳೆದುಕೊಂಡು ವಾಪಸ್ ಹೋಗುತ್ತಿದ್ದೆ. ಎದೆಯಲ್ಲಿ ಬೆಂಕಿ ಇಟ್ಟುಕೊಂಡೇ ಹೋಗುತ್ತಿದ್ದೆ, ಆದರೆ ಹೋಗುತ್ತಿದ್ದೆ. ಆಗ ಆಚೆ ಬದಿಯ ಸೀಟಿನ ಒಬ್ಬ ಸೂಟಿನ ಮಹಾಶಯರು ಕಿವಿಯಿಂದ ಹೆಡ್‌ಫೋನ್ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಮೇಡಂ, ಹಿಂದಿನ ಮಕ್ಕಳನ್ನು ಇಲ್ಲಿಗೆ ತರಬಾರದು," ಅಂದರು ಹಿಂದಿಯಲ್ಲಿ. "ಜನ ಇಲ್ಲಿ ಕೂರುವುದೇ ನೆಮ್ಮದಿಗಾಗಿ. ತಾಯಂದಿರಿಗೆ ಇಷ್ಟು ತಿಳಿವಳಿಕೆ ಬೇಡವೇ?"

ತಾಯಂದಿರಿಗೆ. ಅವರ ಎದುರಿಗೆ, ಕೈಯಳತೆಯಲ್ಲಿ, ಈ ಮಕ್ಕಳ ತಂದೆ ಕಂಬಳಿ ಹೊದ್ದು ಮಲಗಿದ ಆಟ ಆಡುತ್ತಿದ್ದಾನೆ. ಮಗಳು ಪಪ್ಪಾ ಅಂತ ಕೂಗಿದ್ದನ್ನು ಅವರೂ ಕೇಳಿದ್ದಾರೆ. ಆದರೂ ಬುದ್ಧಿ ಹೇಳಬೇಕಾದದ್ದು ತಾಯಿಗೆ!

ನನ್ನೊಳಗೆ ಏನೋ ಸ್ವಚ್ಛವಾಗಿ ತುಂಡಾಯಿತು. ಗಂಡನ ಕಂಬಳಿ ಸರಿಸಿದೆ. ಮಗನನ್ನು, ಅವನ ಡೈಪರಿನ ಸಮೇತ, ಅವರ ತೊಡೆಯ ಮೇಲೆ ಕೂರಿಸಿದೆ. ಬ್ಯಾಗನ್ನು ಕಾಲ ಹತ್ತಿರ ಇಟ್ಟೆ.

"ಹಾಲು ಫ್ಲಾಸ್ಕಿನ್ಯಾಗ ಅದ. ಡೈಪರ್ ಮೊದಲಿನ ಖಾನೇದಾಗ ಅದಾವ. ಮೊದಲ ಡೈಪರ್ ಬದಲಿ ಮಾಡ್ರಿ, ಆಮ್ಯಾಲ ಹಾಲು ಕುಡಸ್ರಿ," ಅಂದೆ.

ಅವರು ಕಣ್ಣು ಬಿಟ್ಟರು. ಆ ಕಣ್ಣಿನಲ್ಲಿ ನಿದ್ದೆಯ ಒಂದು ಎಳೆಯೂ ಇರಲಿಲ್ಲ. "ಏ, ಏನ್ ಮಾಡಾಕತ್ತಿ? ಮಂದಿ ನೋಡಾಕತ್ತಾರ!"

"ನೋಡ್ಲಿ."

ಸೂಟಿನವರು ಗುಂಡಿ ಒತ್ತಿ ಗಗನಸಖಿಯನ್ನು ಕರೆದೇಬಿಟ್ಟರು. ಆ ಹುಡುಗಿಯ ಬದಲು ಅವರಲ್ಲಿ ಹಿರಿಯಳಾದ ಒಬ್ಬಾಕೆ ಬಂದಳು. ಅವಳು ಮರ್ಯಾದೆಯಿಂದಲೇ ನನಗೆ ಹೇಳಿದಳು, ಮಗು ನಿಮ್ಮ ಜೊತೆ ಬಂದದ್ದು, ನಿಮ್ಮ ಸೀಟಿನಲ್ಲೇ ಇರಬೇಕು ಅಂತ.

ನಾನು ಕೇಳಿದೆ: "ಈ ಮಗುವಿಗೆ ನೀವು ಸೀಟು ಕೊಟ್ಟಿದ್ದೀರಾ?"

"ಇಲ್ಲ ಮೇಡಂ. ಇಷ್ಟು ಸಣ್ಣ ಮಗು ತಂದೆ-ತಾಯಿಯ ತೊಡೆಯ ಮೇಲೆ ಪ್ರಯಾಣ ಮಾಡುತ್ತದೆ."

"ತಂದೆ-ತಾಯಿಯ. ನೀವೇ ಹೇಳಿದಿರಿ. ಇವರು ತಂದೆ."

ಅವಳು ನನ್ನ ಗಂಡನ ಕಡೆ ತಿರುಗಿದಳು. ನಿಮ್ಮದೇ ಮಗುವೇ ಸರ್ ಅಂತ ಕೇಳಿದಳು. ಜೀವನದಲ್ಲಿ ಮೊದಲ ಸಲ ಆ ಪ್ರಶ್ನೆಯನ್ನು ಒಬ್ಬರು ಅವರಿಗೆ ಕೇಳಿದ್ದು. ಅವರು ಹೌದು ಅಂತ ತಲೆ ಅಲ್ಲಾಡಿಸಿದರು. ಈ ಸಾಲಿನಲ್ಲಿ ಮಗುವನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ, ಮಗುವಿಗೆ ಬೇರೆ ಬೆಲ್ಟು ತಂದು ಹಾಕುತ್ತೇನೆ ಅಂದಳು ಆಕೆ. ಆಮೇಲೆ ನನ್ನ ಕಡೆ ನೋಡಿ, ನಿಜವಾದ ಕನಿಕರದಿಂದ, ಒಂದು ಮಾತು ಸೇರಿಸಿದಳು: "ಕೌಂಟರಿನಲ್ಲೇ ಹೇಳಿದ್ದರೆ ಈ ಸೀಟನ್ನು ನಿಮಗೇ ಕೊಡುತ್ತಿದ್ದರು ಮೇಡಂ. ಕುಟುಂಬದಲ್ಲಿ ಯಾರಾದರೂ ಒಬ್ಬರು ಕೂರಬಹುದು ಅಂತಲೇ ಇದನ್ನು ಕೊಡುವುದು. ಕೇಳಿದರೆ ಮಾಡಿಕೊಡುತ್ತಾರೆ."

ನಾನು ಗಂಡನನ್ನು ನೋಡಿದೆ. ಅವರು ಕಿಟಕಿಯ ಹೊರಗೆ ಮೋಡ ನೋಡುತ್ತಿದ್ದರು.

ನಾ ಕೇಳ್ದೆ ಅಂದಿದ್ದರಲ್ಲ. ಕೇಳಿರಲಿಲ್ಲ. ಮಗಳ ವಾಂತಿ ತೊಳೆಯಲು ನಾನು ಬಾತ್‌ರೂಮಿಗೆ ಹೋಗಿದ್ದ ಆ ಗಳಿಗೆಯಲ್ಲಿ ನಾಲ್ವರ ನಡುವೆ ಬಂದ ಒಂದು ಸುಖ ಯಾರಿಗೆ ಅಂತ ಇವರೊಬ್ಬರೇ ತೀರ್ಮಾನಿಸಿ, ಅದಕ್ಕೊಂದು ನಿಯಮದ ಅಂಗಿ ತೊಡಿಸಿ ನನಗೆ ತೋರಿಸಿದ್ದರು. ಸೀಟಿನ ಸಿಟ್ಟು ಅಲ್ಲಿಗೇ ಮುಗಿಯಿತು. ಸುಳ್ಳಿನ ಸಿಟ್ಟು ಶುರುವಾಯಿತು.

"ಮಗುವಿನ ತಾಯಿ ನೀವಲ್ಲವೇ?" ಅಂತ ಸೂಟಿನವರು ಹಿಂದಿನಿಂದ ಗೊಣಗಿದರು. "ನೀವು ಬಿಟ್ಟು ಹೋದರೆ ಹೇಗೆ?"

"ನೀವು ಇವರ ಜೊತೆ ಮಾತಾಡಿ," ಅಂದೆ. "ಇಬ್ಬರೂ ನೆಮ್ಮದಿಗಾಗಿ ಬಂದವರು."

ಮಗಳ ಕೈ ಹಿಡಿದು ನನ್ನ ಸೀಟಿಗೆ ನಡೆದೆ. ಹಿರಿಯರು ನನ್ನ ಖಾಲಿ ಕೈ ನೋಡಿ, ತಮ್ಮ ಡಬ್ಬಿಯಿಂದ ಮಗಳಿಗೊಂದು ಮಠರಿ, ಅಂದರೆ ಅವರ ಕಡೆಯ ಉಪ್ಪಿನ ತಿಂಡಿ, ಕೊಟ್ಟರು. ಸ್ವಲ್ಪ ಹೊತ್ತಿಗೆ ಪರದೆಯ ಆಚೆಯಿಂದ ಮಗನ ಅಳು ಕೇಳಿತು. ಎದೆ ಹಾಲು ಬಿಡಿಸಿ ತಿಂಗಳುಗಳಾಗಿದ್ದರೂ ನನ್ನ ಎದೆ ಬಿಗಿಯಿತು. ಎದ್ದು ಓಡಬೇಕು ಅನ್ನಿಸಿತು. ಹಿರಿಯರು ನನ್ನ ಮೊಣಕೈ ಮೇಲೆ ಕೈಯಿಟ್ಟು, "ಕೂತ್ಕೋ. ಅವನಿಗೂ ಕೈ ಎರಡಿವೆ," ಅಂದರು. ಅಳು ಸಣ್ಣದಾಯಿತು, ನಿಂತಿತು, ಮತ್ತೆ ಕೇಳಿತು, ಮತ್ತೆ ನಿಂತಿತು. ನಾನು ಕೂತೇ ಇದ್ದೆ.

ದಿಲ್ಲಿಯಲ್ಲಿ ಇಳಿದಾಗ ಅವರು ಬಾಗಿಲ ಹೊರಗೆ ನಿಂತಿದ್ದರು. ಅಂಗಿಯ ಎದೆಯ ಮೇಲೆ ಹಾಲಿನ ಕಲೆ. ಮಗ ಅವರ ಹೆಗಲ ಮೇಲೆ ನಿದ್ದೆ ಹೋಗಿದ್ದ. ಡೈಪರನ್ನು ಹಿಂದೆ-ಮುಂದೆ ಮಾಡಿ ಹಾಕಿದ್ದರು, ಆದರೆ ಹಾಕಿದ್ದರು. ತೊಟ್ಟಿಲ ಕಾರ್ಯ ಚೆಂದವಾಗಿ ಆಯಿತು. ಸೋದರಮಾವನಾಗಿ ಅವರು ಮಗುವಿಗೆ ಬೆಳ್ಳಿ ಉಡದಾರ ಕಟ್ಟಿದರು, ಫೋಟೋದಲ್ಲಿ ನಕ್ಕರು. ನಾನೂ ನಕ್ಕೆ. ಆ ಫೋಟೋ ಈಗಲೂ ಫೋನಿನಲ್ಲಿದೆ. ಅದನ್ನು ನೋಡಿದವರು ಎಷ್ಟು ಚೆಂದ ಜೋಡಿ ಅನ್ನುತ್ತಾರೆ.

ಊರಿಗೆ ಬಂದ ಮೇಲೆ ಒಂದು ಸಂತೆಯ ದಿನ ಕಮಲಾಪುರಕ್ಕೆ ಹೋದೆವು. ಸಂತೆಯ ದಿನ ಅತ್ತೆಯ ಮನೆ ತುಂಬಿರುತ್ತದೆ. ಮಾವ, ತೋಟ ನೋಡಿಕೊಳ್ಳುವ ಭಾವ, ಅವರ ಹೆಂಡತಿ ಅಂದರೆ ನನ್ನ ನೆಗೆಣ್ಣಿ, ಅವರ ಮಕ್ಕಳು, ಬಸ್ಸಿಗೆ ಕಾಯುತ್ತಾ ಚಹಾಕ್ಕೆ ಬಂದ ನೆಂಟರು. ಗಂಡಸರು ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದರು. ನೆಗೆಣ್ಣಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು, ನಾನು ಬಡಿಸುತ್ತಿದ್ದೆ. ಆಗ ನನ್ನ ಗಂಡ ದಿಲ್ಲಿಯ ಕಥೆ ತೆಗೆದರು.

ಅವರು ಹೇಳಿದ ಕಥೆಯಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೆ ಖರೆಯೂ ಇರಲಿಲ್ಲ. "ಜನ್ಮದಾಗ ಒಮ್ಮೆ ರಾಜಾನಂಗ ಕುಂತಿದ್ದೆ ಮಾಮಾ," ಅಂತ ನೆಂಟರಿಗೆ ಹೇಳಿದರು. "ಇಕಿ ಬಂದು ಕೂಸಿನ್ನ ತಂದು ತೊಡಿ ಮ್ಯಾಲ ಒಗದ್ಲು ನೋಡ್ರಿ! ಸುತ್ತೂ ಕಡೆ ಸೂಟು-ಬೂಟಿನ ಮಂದಿ. ಅವರ ಮುಂದ ನಾ ಡೈಪರ್ ಬದಲಿ ಮಾಡಾಕತ್ತೀನಿ!" ಪಡಸಾಲೆ ಘೊಳ್ಳೆಂದು ನಕ್ಕಿತು. ಭಾವನಿಗೆ ಕೆಮ್ಮು ಬರುವಷ್ಟು ನಗು.

ಅತ್ತೆ ನಗಲಿಲ್ಲ. ಬಾಗಿಲಲ್ಲಿ ನಿಂತು ನನ್ನನ್ನು ನೋಡಿದರು. "ಇದೇನವಾ, ನಾಕ್ ಮಂದ್ಯಾಗ ಗಂಡನ ಮರ್ಯಾದಿ ತೆಗಿಯೂದು? ಎರಡ ತಾಸು ಕೂಸಿನ್ನ ಹಿಡಕೊಳ್ಳಾಕ ಆಗ್ಲಿಲ್ಲೇನ ನಿಂಗ? ನಾವು ಆರ್ ಮಕ್ಕಳನ್ನ ಕಟಗೊಂಡು ಎತ್ತಿನ ಗಾಡಿದಾಗ ತಿರಗೀವಿ."

ಸಾರಿನ ಪಾತ್ರೆ ಕೆಳಗಿಟ್ಟೆ.

"ಅತ್ತಿ, ಉಳಿದದ್ದೂ ಕೇಳ್ರಿ. ಅವರು ಅರ್ಧಾ ಹೇಳ್ಯಾರ," ಅಂದೆ. ಎಲ್ಲ ಹೇಳಿದೆ. ಕೌಂಟರಿನ ಮಾತು, ಬ್ಯಾಗು, ಹಾಲಿಲ್ಲದೆ ನೀಲಿಗಟ್ಟಿದ ಮೊಮ್ಮಗನ ಮುಖ, ಯಾರು ಬೇಕಾದರೂ ಕೂರಬಹುದಿತ್ತು ಅಂತ ವಿಮಾನದವಳು ಹೇಳಿದ್ದು. "ಕೂಸು ಅಳೂದು ಕೇಳಿ ಇವರು ಕಣ್ಣ ಮುಚಗೊಂಡ್ರು ಅತ್ತಿ. ನಿದ್ದಿ ಬಂದಿದ್ರ ನಾ ಏನೂ ಅಂತಿರಲಿಲ್ಲ."

"ನಿದ್ದಿ ಬಂದಿತ್ತು," ಅಂದರು ಗಂಡ, ತಟ್ಟೆ ನೋಡುತ್ತಾ.

ಮೂಲೆಯಲ್ಲಿ ಬಾಳೆಹಣ್ಣು ತಿನ್ನುತ್ತಿದ್ದ ಮಗಳು ತಲೆಯೆತ್ತಿ ಅಜ್ಜಿಯನ್ನು ನೋಡಿ, "ಇಲ್ಲ ಆಯಿ, ಪಪ್ಪಾ ಸುಳ್ಳs ಮಲಗಿದ್ದ," ಅಂದಳು.

ಯಾರೂ ನಗಲಿಲ್ಲ. ಮಾವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಮಗನನ್ನು ನೋಡಿದರು, ಮತ್ತೆ ಮುರಿದರು. ಅತ್ತೆ "ಸಣ್ಣ ಹುಡುಗಿ ಮಾತೇನ ಹಿಡೀತೀರಿ" ಅಂತ ಒಳಗೆ ಹೋದರು. ಅವರು ತಮ್ಮ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ, ಇವತ್ತಿಗೂ ತೆಗೆದುಕೊಂಡಿಲ್ಲ. ಅವರ ಲೆಕ್ಕದಲ್ಲಿ ತಪ್ಪು ಮಾಡಿದವಳು ನಾನೇ. ಗಂಡಸು ಸುಳ್ಳು ಹೇಳುವುದು ತಪ್ಪಲ್ಲ, ಹೆಂಗಸು ಅದನ್ನು ಬಯಲು ಮಾಡುವುದು ತಪ್ಪು.

ನಾನು ಅಡುಗೆಮನೆಗೆ ಹೋದೆ. ನೆಗೆಣ್ಣಿ ನನಗಿಂತ ಹತ್ತು ವರ್ಷ ದೊಡ್ಡವಳು, ಮಾತು ಕಡಿಮೆ. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತಾ, ನನ್ನ ಕಡೆ ನೋಡದೆ ಹೇಳಿದಳು:

"ನಾ ವಿಮಾನ ನೋಡಿಲ್ಲವಾ ತಂಗಿ. ಬಸ್ ಗೊತ್ತು. ಮೂರೂ ಸಣ್ಣು ಇದ್ದಾಗ ಕಲಬುರ್ಗಿಗೆ ದವಾಖಾನಿಗೆ ಹೋಗೂದು. ನಿಮ್ಮ ಭಾವ ಡ್ರೈವರನ ಬಾಜೂಕ ಕುಂತು ಮಾತಾಡ್ಕೊಂತ ಬರೋರು. ನಾ ಹಿಂದ, ಗಾಲಿ ಮ್ಯಾಲಿನ ಸೀಟಿನ್ಯಾಗ. ಒಂದ ತೊಡಿ ಮ್ಯಾಲ, ಒಂದ ಮಗ್ಗಲಾಗ, ಒಂದ ಕಾಲಾಗ. ಒಮ್ಮೆ ನಡುವಿನಾಕಿ ಕೈ ಬಾಗಲಾಗ ಸಿಕ್ಕು ಚಿಟ್ಟನೆ ಚೀರಿದ್ಲು. ಕಂಡಕ್ಟರ್ ನನ್ನ ಬೈದ, ಮಕ್ಕಳನ್ನ ನೋಡ್ಕೊಳ್ಳಾಕ ಬರಂಗಿಲ್ಲೇನಂತ. ಇವರು ಹೊಳ್ಳಿ ನೋಡಿ, 'ಹೌದು, ಬರೋಬರಿ ಹೇಳಿದ್ರಿ' ಅಂದ್ರು."

ರೊಟ್ಟಿ ಉಬ್ಬಿತು. ಅವಳು ಅದನ್ನು ಬುಟ್ಟಿಗೆ ಹಾಕಿದಳು.

"ನಾ ಏನೂ ಅನಲಿಲ್ಲ," ಅಂದಳು. "ನಿಂದು ಕೇಳಿ ಇವತ್ತ ಸಿಟ್ಟ ಬಂತು ನೋಡು. ಇಷ್ಟ ವರ್ಷ ಆದ ಮ್ಯಾಲ."

ಅವಳ ಮುಖ ಒಲೆಯ ಎದುರು ಕೆಂಪಾಗಿತ್ತು. ಅದು ಒಲೆಯ ಕೆಂಪಲ್ಲ ಅಂತ ನನಗೆ ಗೊತ್ತಾಯಿತು. ನಾನು ಹಿಟ್ಟು ನಾದಿಕೊಟ್ಟೆ, ಅವಳು ಬಡಿದಳು. ಆ ದಿನದ ರೊಟ್ಟಿಗಳ ಸದ್ದು ಪಡಸಾಲೆಯವರೆಗೆ ಕೇಳಿರಬೇಕು.

ಕಲಬುರಗಿಗೆ ಮರಳುವ ದಾರಿಯಲ್ಲಿ, ಮಕ್ಕಳು ಹಿಂದಿನ ಸೀಟಿನಲ್ಲಿ ಮಲಗಿದ ಮೇಲೆ, ಗಂಡ ಬಾಯಿಬಿಟ್ಟರು. ರಸ್ತೆ ನೋಡುತ್ತಲೇ ಹೇಳಿದರು.

"ಕೌಂಟರಿನ್ಯಾಗ ನಾ ಕೇಳಿರಲಿಲ್ಲ. ತಪ್ಪಾತು."

ನಾನು ಅವರ ಕಡೆ ತಿರುಗಿದೆ.

"ನಂಗ ಭಾಳ ಸಾಕಾಗಿತ್ತು. ಎರಡ ತಾಸು ಯಾರೂ ನನ್ನ ಏನೂ ಕೇಳಬಾರದು ಅನ್ನಿಸಿತ್ತು."

"ನಂಗೂ ಹಂಗs ಅನ್ನಸ್ತದರಿ," ಅಂದೆ. "ದಿನಾ ಅನ್ನಸ್ತದ. ಆದ್ರ ನಾ ಕಣ್ಣ ಮುಚಗೊಂಡ್ರ ಮಕ್ಕಳಿಗೆ ಯಾರದಾರ?"

ಅವರು ಗೇರ್ ಬದಲಾಯಿಸಿದರು. ಕಬ್ಬಿನ ಟ್ರ್ಯಾಕ್ಟರನ್ನು ಹಿಂದೆ ಹಾಕಿದರು. ಮನೆ ಬಂದಾಗ ಮಗನನ್ನು ಎತ್ತಿಕೊಂಡು ಒಳಗೆ ಹೋದವರು ಅವರೇ.

ಕಾಲೇಜಿನ ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ದೊಡ್ಡ ಚರ್ಚೆಯೇ ಆಯಿತು. ಅಷ್ಟು ಸಣ್ಣ ಮಕ್ಕಳನ್ನು ಬಿಸಿನೆಸ್ ಕ್ಲಾಸಿಗೆ ಬಿಡಲೇಬಾರದು ಅಂದರು ಒಬ್ಬರು. ದುಡ್ಡು ಕೊಟ್ಟವರ ನಿದ್ದೆ ಕೆಡಿಸುವ ಹಕ್ಕು ಯಾರಿಗೂ ಇಲ್ಲ ಅಂದರು ಇನ್ನೊಬ್ಬರು. ಮಕ್ಕಳು ದೊಡ್ಡವರಾಗುವವರೆಗೆ ತಾಯಂದಿರು ರೈಲಿನಲ್ಲೇ ಹೋಗುವುದು ಒಳ್ಳೆಯದು ಅಂತ ಮೂರನೆಯವರ ಸಲಹೆ. ಬ್ಯಾಗನ್ನು ನೀವೇ ಹಿಡಿದುಕೊಳ್ಳಬೇಕಿತ್ತು ಮೇಡಂ ಅಂತ ನಾಲ್ಕನೆಯವರು. ಅಪ್ಪ ಅನ್ನುವ ಶಬ್ದ ಆ ಚರ್ಚೆಯಲ್ಲಿ ಒಮ್ಮೆಯೂ ಬರಲಿಲ್ಲ. ಗಂಟೆ ಹೊಡೆಯಿತು, ನಾನು ಲ್ಯಾಬಿಗೆ ಹೋದೆ. ಆ ದಿನ ಯಾರ ಮೇಲೋ ಇದ್ದ ಸಿಟ್ಟನ್ನು ಪಿಪೆಟ್ ಸರಿಯಾಗಿ ಹಿಡಿಯದ ಹುಡುಗರ ಮೇಲೆ ತೀರಿಸಿಕೊಂಡೆ.

ಆಮೇಲೆ ನಾವು ಮತ್ತೆ ವಿಮಾನ ಹತ್ತಿದ್ದೇವೆ. ಈಗ ಟಿಕೆಟ್ ತೆಗೆಸುವವರು ಅವರೇ, ಒಂದೇ ಸಾಲಿನಲ್ಲಿ ಕೇಳಿ ತೆಗೆಸುತ್ತಾರೆ. ಬ್ಯಾಗಿನಲ್ಲಿ ಏನು ಎಲ್ಲಿದೆ ಅಂತ ಅವರಿಗೆ ಗೊತ್ತು. ಇದನ್ನು ನಾನು ಒಪ್ಪಿಕೊಳ್ಳಲೇಬೇಕು. ಹೋದ ಸಲ ಮುಂಬೈಯಿಂದ ಬರುವಾಗ ಅವರು ನಡುವಿನ ಸೀಟಿನಲ್ಲಿ ಕೂತು, ಮಗನಿಗೆ ಹಾಲು ಕುಡಿಸಿ, ಮಗಳಿಗೆ ಚಿತ್ರದ ಪುಸ್ತಕ ಓದಿ ಹೇಳುತ್ತಿದ್ದರು. ನಾನು ಅಂಚಿನಲ್ಲಿ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದೆ.

ಗಗನಸಖಿ ಬಂದು ಅವರನ್ನು ನೋಡಿ ಕರಗಿಹೋದಳು. "ಎಷ್ಟು ಒಳ್ಳೆ ಅಪ್ಪ!" ಅಂತ ಅವರ ಕೈಗೊಂದು ಚಾಕೊಲೇಟ್ ಕೊಟ್ಟಳು. ಮಕ್ಕಳಿಗಲ್ಲ, ಅವರಿಗೆ. ಹಿಂದಿನ ಸೀಟಿನ ಹೆಂಗಸೊಬ್ಬಳು ತನ್ನ ಗಂಡನ ತೋಳು ತಿವಿದು ತೋರಿಸಿದಳು. ನಡುದಾರಿಯ ಆಚೆ ಕೂತಿದ್ದ ವಯಸ್ಸಾದವರೊಬ್ಬರು ನನ್ನ ಕಡೆ ಬಾಗಿ, ನಮ್ಮ ಮಾತು ಕೇಳಿಯೇ ಇರಬೇಕು, ಕನ್ನಡದಲ್ಲೇ ಹೇಳಿದರು:

"ಪುಣ್ಯಾ ಮಾಡೀರಿ ತಂಗಿ ನೀವು. ಇಂಥಾ ಗಂಡ ಎಲ್ಲಾರಿಗೂ ಸಿಗಂಗಿಲ್ಲ. ಮಕ್ಕಳನ್ನ ಎಷ್ಟ ಚಂದ ನೋಡ್ಕೊಳ್ಳಾಕತ್ತಾರ."

ಇಷ್ಟು ವರ್ಷ ನಾನು ಇದೇ ಹಾಲು ಕುಡಿಸಿದೆ, ಇದೇ ಮೂಗು ಒರೆಸಿದೆ, ಬಸ್ಸಿನಲ್ಲಿ, ರೈಲಿನಲ್ಲಿ, ದವಾಖಾನೆಯ ಬೆಂಚಿನ ಮೇಲೆ, ಜಾತ್ರೆಯಂಥ ಮದುವೆಮನೆಗಳಲ್ಲಿ. ಒಬ್ಬರೂ ನನ್ನ ಗಂಡನ ಕಡೆ ಬಾಗಿ, ಪುಣ್ಯ ಮಾಡೀರಿ ಅಂದಿರಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ಅವರ ಕಡೆ ತಿರುಗಿದೆ.

"ಅವು ಅವರ ಮಕ್ಕಳೂ ಹೌದ್ರಿ," ಅಂದೆ.

ಅವರು ಗಲಿಬಿಲಿಗೊಂಡು, ಏನು ತಪ್ಪು ಹೇಳಿದೆ ಅಂತ ತಿಳಿಯದೆ, ಹೌದ್ರಿ ಹೌದ್ರಿ ಅಂತ ಪೇಪರ್ ಬಿಡಿಸಿಕೊಂಡರು. ನನ್ನ ಗಂಡ ಕೇಳಿಸಿಕೊಂಡರೋ ಏನೋ, ತಲೆ ಎತ್ತಲಿಲ್ಲ. ಮಗನ ಗದ್ದದ ಮೇಲೆ ಇಳಿಯುತ್ತಿದ್ದ ಹಾಲನ್ನು ಕರವಸ್ತ್ರದಿಂದ ಒರೆಸಿದರು.